ಕೆಳಗಿನ ಸಾಲಿನ ಸಡಿಲ ಹಲ್ಲು

ಅರಿವಳಿಕೆ ಕೊಡುವುದು ನನ್ನ ಕೆಲಸ. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತಳಾದ ಮೇಲೂ ವಾರಕ್ಕೆ ಮೂರು ಬೆಳಿಗ್ಗೆ ತುಮಕೂರು ರಸ್ತೆಯ ಒಂದು ಸಣ್ಣ ಆಸ್ಪತ್ರೆಗೆ ಹೋಗುತ್ತೇನೆ. ಪೀಣ್ಯ ದಾಟಿ ಮಾದನಾಯಕನಹಳ್ಳಿಯ ಗೋದಾಮುಗಳು ಶುರುವಾಗುವ ಕಡೆ ಅದು ಇದೆ. ಲಾರಿಗಳು ರಸ್ತೆಗಿಳಿಯುವ ಮೊದಲೇ ಮನೆ ಬಿಟ್ಟರೆ ಆರೂವರೆಗೆ ಒಳಗಿರಬಹುದು. ಏಳಕ್ಕೆ ಅರಿವಳಿಕೆಯ ಯಂತ್ರದ ಪರೀಕ್ಷೆ. ಏಳೂಕಾಲಿಗೆ ಔಷಧಿ ತುಂಬಿದ ಸಿರಿಂಜುಗಳಿಗೆ ಹೆಸರಿನ ಚೀಟಿ. ಏಳೂವರೆಗೆ ಮೊದಲ ರೋಗಿಯ ಬಾಯಿ.

ಬಾಯಿ ನೋಡುವುದು ನನಗೆ ಕಲಿಸಿದ ಪ್ರೊಫೆಸರರ ಕಟ್ಟುನಿಟ್ಟು. ಹಿಂದಿನ ದಿನ ನೋಡಿ ಬರೆದಿಟ್ಟಿದ್ದರೂ ಆಪರೇಷನ್ ದಿನ ಬೆಳಿಗ್ಗೆ ಇನ್ನೊಮ್ಮೆ ಬಾಯಿ ತೆಗೆಸಿ ನೋಡಬೇಕು. ಒಮ್ಮೆ ನಾನು ವಾರ್ಡಿನ ಹಾಳೆ ನೋಡಿ ‘ಹಲ್ಲುಗಳು ಸರಿ’ ಎಂದು ಬರೆದದ್ದಕ್ಕೆ ಅವರು ನನ್ನನ್ನು ಓಟಿಯಿಂದ, ಅಂದರೆ ಆಪರೇಷನ್ ಕೋಣೆಯಿಂದ, ಹೊರಗೆ ಕಳಿಸಿ, ಮಧ್ಯಾಹ್ನದವರೆಗೆ ಕಾರಿಡಾರಿನಲ್ಲಿ ನಿಲ್ಲಿಸಿದ್ದರು. ಆಗ ನನಗೆ ಇಪ್ಪತ್ತಾರು ವರ್ಷ. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಸಾವಿರ ಬಾಯಿ ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಬೆಳಿಗ್ಗೆ ಮಾತ್ರ ನೋಡಲಿಲ್ಲ.

ಆ ಮಗುವಿಗೆ ಆರು ವರ್ಷ ತುಂಬಲು ಒಂದು ತಿಂಗಳಿತ್ತು. ತಂದೆ ಗೋದಾಮಿನಲ್ಲಿ ಲೋಡಿಂಗ್ ಕೆಲಸದವನು. ತಾಯಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಮುದ್ದೇಬಿಹಾಳದ ಕಡೆಯವರು, ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ, ಊರಿನ ಗೌಡರೊಬ್ಬರು ಸಾಲಾಗಿ ಕಟ್ಟಿಸಿದ ಶೀಟಿನ ಮನೆಗಳಲ್ಲಿ ಒಂದರಲ್ಲಿದ್ದರು. ಎರಡು ವರ್ಷದ ಹಿಂದೆ ಕುದಿಯುವ ಅನ್ನದ ಪಾತ್ರೆ ಒಲೆಯಿಂದ ಮಗುಚಿ ಮಗುವಿನ ಕೊರಳಿನ ಮೇಲೆ ಬಿದ್ದಿತ್ತು. ಸುಟ್ಟ ಗಾಯ ಮಾಯುವಾಗ ಚರ್ಮ ಎಳೆದುಕೊಂಡು ಗದ್ದವನ್ನು ಎದೆಗೆ ಅಂಟಿಸಿಬಿಟ್ಟಿತ್ತು. ಕತ್ತು ಎಂಬುದೇ ಕಾಣುತ್ತಿರಲಿಲ್ಲ. ಕೆಳತುಟಿಯ ಒಂದು ಮೂಲೆ ಕೆಳಕ್ಕೆ ಜಗ್ಗಿ ಯಾವಾಗಲೂ ಜೊಲ್ಲು ಸುರಿಯುತ್ತಿತ್ತು. ಪಟ್ಟಿಯಂತೆ ಬಿಗಿದ ಆ ಚರ್ಮವನ್ನು ಕತ್ತರಿಸಿ, ತೊಡೆಯ ಚರ್ಮ ತೆಗೆದು ಅಲ್ಲಿ ಹೊಲಿದು, ಕತ್ತನ್ನು ಬಿಡಿಸುವುದು ಆಪರೇಷನ್. ನಗರದಿಂದ ಬರುವ ಪ್ಲಾಸ್ಟಿಕ್ ಸರ್ಜನ್ ಒಪ್ಪಿಕೊಂಡಿದ್ದರು.

ಅವರ ಕೆಲಸ ಕಷ್ಟದ್ದಲ್ಲ. ಕಷ್ಟ ನನ್ನದು. ಮಗು ನಿದ್ದೆ ಹೋದ ಮೇಲೆ ಶ್ವಾಸನಾಳದೊಳಕ್ಕೆ ಒಂದು ಟ್ಯೂಬ್ ಇಳಿಸಬೇಕು. ಬೇರೆ ಮಕ್ಕಳಿಗಾದರೆ ತಲೆಯನ್ನು ಹಿಂದಕ್ಕೆ ವಾಲಿಸಿ ಗದ್ದ ಎತ್ತಿದರೆ ದಾರಿ ನೇರವಾಗುತ್ತದೆ. ಈ ಮಗುವಿನ ಗದ್ದ ಎತ್ತಲು ಬರುವುದಿಲ್ಲ. ಟ್ಯೂಬ್ ಇಳಿಯದೆ, ಮಾಸ್ಕಿನಿಂದಲೂ ಗಾಳಿ ಹೋಗದಿದ್ದರೆ ಕೊನೆಯ ಉಪಾಯವೆಂದು ಕತ್ತಿಗೆ ತೂತು ಮಾಡುತ್ತೇವೆ. ಈ ಮಗುವಿಗೆ ತೂತು ಮಾಡಲು ಕತ್ತೇ ಇಲ್ಲ. ಮೇಲಾಗಿ ಮಕ್ಕಳ ಎದೆಯಲ್ಲಿ ಆಮ್ಲಜನಕದ ದಾಸ್ತಾನು ಸಣ್ಣದು. ಗಾಳಿ ನಿಂತರೆ ದೊಡ್ಡವರಷ್ಟು ಹೊತ್ತು ಅವರು ತಡೆಯುವುದಿಲ್ಲ.

ಮೊದಲು ಕೊಟ್ಟ ದಿನಾಂಕದಂದು ತಾಯಿ ಮಗುವಿಗೆ ಚಹಾ, ಬಿಸ್ಕತ್ತು ಕೊಟ್ಟು ಕರೆತಂದಿದ್ದಳು. ಅಳುತ್ತಿತ್ತು, ಅದಕ್ಕೇ ಎರಡೇ ಎರಡು ಎಂದಳು. ಹೊಟ್ಟೆಯಲ್ಲಿರುವುದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದರೆ ಏನಾಗುತ್ತದೆ ಎಂದು ವಾರ್ಡಿನ ಮಧ್ಯೆಯೇ ನಿಂತು ಹೇಳಿದೆ. ನನ್ನ ದನಿ ಏರಿತ್ತು. ಉಳಿದ ಹಾಸಿಗೆಯವರೆಲ್ಲ ಎದ್ದು ಕೂತು ನೋಡಿದರು. ಆಪರೇಷನ್ ಮೂರು ವಾರ ಮುಂದಕ್ಕೆ ಹೋಯಿತು. ಆಕೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲಿಳಿದು ಹೋದಳು.

ಎರಡನೆಯ ಸಲ ಬಂದಾಗ ಹಿಂದಿನ ದಿನ ಮಧ್ಯಾಹ್ನವೇ ಮಗುವನ್ನು ವಾರ್ಡಿಗೆ ಸೇರಿಸಿಕೊಂಡು ನೋಡಿದೆ. ಬಾಯಿ ಎರಡು ಬೆರಳಿನಷ್ಟು ತೆರೆಯುತ್ತಿತ್ತು. ಕೆಳಗಿನ ಸಾಲಿನ ಮುಂದಿನ ಹಲ್ಲು, ಎಡಗಡೆಯದು, ಬೆರಳಿಟ್ಟರೆ ಅಲ್ಲಾಡುತ್ತಿತ್ತು. ಅದನ್ನು ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಹಾಲುಹಲ್ಲು ಕಳಚಿ ಒಳಗೆ ಬಿದ್ದರೆ ಉಸಿರಿನ ದಾರಿಗೆ ಅಡ್ಡ ಕೂರುತ್ತದೆ, ನಾಳೆ ನಿದ್ದೆ ಬಂದ ಮೇಲೆ ನಾನೇ ಕಿತ್ತು ತೆಗೆಯುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ತಾಯಿಗೆ ಹೇಳಿದೆ. ರಾತ್ರಿ ಎಂಟರ ಮೇಲೆ ಊಟವಿಲ್ಲ, ಬೆಳಿಗ್ಗೆ ನೀರೂ ಇಲ್ಲ ಎಂದು ಮೂರು ಸಲ ಹೇಳಿಸಿ ಒಪ್ಪಿಸಿಕೊಂಡೆ. ಆಕೆ ತಲೆಯಾಡಿಸಿದಳು. ಬಾಗಿಲಲ್ಲಿ ತಿರುಗಿ ನಿಂತು ಏನೋ ಕೇಳಿದಳು. ನಾನು ಮುಂದಿನ ರೋಗಿಯ ಹಾಳೆ ತೆರೆಯುತ್ತಾ ಉತ್ತರ ಕೊಟ್ಟೆ.

ಬೆಳಿಗ್ಗೆ ಏಳೂವರೆಗೆ ಆಕೆ ಮಗುವನ್ನೆತ್ತಿಕೊಂಡು ಓಟಿಯ ಬಾಗಿಲಿಗೆ ಬಂದಳು. ಹೆದರಿಕೆ ಇಳಿಸುವ ಸಿರಪ್ಪನ್ನು ಅರ್ಧ ಗಂಟೆ ಮೊದಲೇ ಕುಡಿಸಿಯಾಗಿತ್ತು. ಮಗು ತಾಯಿಯ ಹೆಗಲಿಗೆ ಒರಗಿ ಜೋಂಪಿನಲ್ಲಿತ್ತು. ಜಗ್ಗಿದ ಮೂಲೆ ಬಿಟ್ಟರೆ ತುಟಿ ಮುಚ್ಚಿಕೊಂಡಿತ್ತು. ಬಾಯಿ ತೆಗೆ ಎಂದು ಎಬ್ಬಿಸಿದರೆ ಅಳುತ್ತದೆ. ಅತ್ತರೆ ಗಂಟಲಲ್ಲಿ ಜೊಲ್ಲು ತುಂಬುತ್ತದೆ, ಈ ಮಗುವಿಗೆ ಅದು ಒಳ್ಳೆಯದಲ್ಲ. ಆಗ ನನಗೆ ಕಂಡ ಕಾರಣ ಇದು. ಸುಳ್ಳು ಕಾರಣವಲ್ಲ. ನನ್ನ ಜೊತೆಯ ಕಿರಿಯ ಅರಿವಳಿಕೆ ಡಾಕ್ಟರ್ ಹಾಳೆ ಹಿಡಿದು ಓದಿದ: “ಸಡಿಲ ಹಲ್ಲು ಒಂದು, ಕೆಳಗಡೆ, ಎಡಕ್ಕೆ.” ಹೌದು ಎಂದೆ. ಅವನು ಟಿಕ್ ಹಾಕಿದ.

ತಾಯಿ ಮಗುವನ್ನು ಸಿಸ್ಟರ್ ಕೈಗೆ ಕೊಟ್ಟಳು. ಓಟಿಯ ಉಸ್ತುವಾರಿಯ ಈ ಸಿಸ್ಟರ್ ಬಾಗಲಕೋಟೆಯವರು, ನನಗಿಂತ ಹತ್ತು ವರ್ಷ ಚಿಕ್ಕವರು, ನಮ್ಮಲ್ಲಿ ಗದರಿದರೂ ಯಾರಿಗೂ ನೋವಾಗದ ಒಬ್ಬರೇ ಮನುಷ್ಯರು.

ಕೆಲಸ ಶುರುವಾಗುವ ಮೊದಲು ಎಲ್ಲರೂ ನಿಂತು ನಮ್ಮ ದಾರಿಗಳನ್ನು ಜೋರಾಗಿ ಹೇಳುವುದು ನನ್ನ ಕ್ರಮ. ಒಂದನೆಯದು, ಮಗು ತಾನೇ ಉಸಿರಾಡುತ್ತಿರುವಂತೆ ಮಾಸ್ಕಿನಿಂದ ಗ್ಯಾಸ್ ಕೊಟ್ಟು ಮಲಗಿಸಿ, ತುದಿಯಲ್ಲಿ ಕ್ಯಾಮೆರಾ ಇರುವ ಸಾಧನದಿಂದ ಗಂಟಲೊಳಗೆ ನೋಡಿ ಟ್ಯೂಬ್ ಇಳಿಸುವುದು. ಆಗದಿದ್ದರೆ ಗಂಟಲ ಬಾಯಿಯ ಮೇಲೆ ಕೂರುವ ಮೆತ್ತನೆಯ ಮಾಸ್ಕ್ ಹಾಕುವುದು. ಅದೂ ಆಗದಿದ್ದರೆ ಸರ್ಜನ್ ಆ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಪಟ್ಟಿಯನ್ನು ಅಡ್ಡಕ್ಕೆ ಕೊಯ್ದು ಗದ್ದ ಬಿಡಿಸುವುದು. ಯಾರು ಏನು ಕೊಡಬೇಕು, ಯಾರು ಗಡಿಯಾರ ನೋಡಬೇಕು ಎಲ್ಲವನ್ನೂ ಹೇಳಿದೆ.

“ಇದರಲ್ಲಿ ನನಗೆ ಕಾಫಿ ಎಷ್ಟನೇ ದಾರೀಲಿ ಬರುತ್ತೆ ಮೇಡಂ?” ಎಂದರು ಸರ್ಜನ್.

“ಮಗು ಎದ್ದಮೇಲೆ,” ಎಂದೆ.

ಮಾಸ್ಕ್ ಇಟ್ಟೆ. ಸಿಸ್ಟರ್ ಮಗುವಿನ ಕಿವಿಯ ಬಳಿ ಬಾಗಿ ಅದರ ಭಾಷೆಯಲ್ಲೇ ಏನೋ ಹೇಳುತ್ತಿದ್ದರು. ಹತ್ತು ಹನ್ನೆರಡು ಉಸಿರಿಗೆ ಕಣ್ಣು ಮುಚ್ಚಿತು. ಮಾನಿಟರಿನಲ್ಲಿ ಆಮ್ಲಜನಕ ನೂರು. ನಿದ್ದೆ ಆಳಕ್ಕೆ ಇಳಿಯಲಿ ಎಂದು ಕಾದೆ. ಆಮೇಲೆ ಹಲ್ಲು ಕೀಳಬೇಕು, ನಂತರ ಟ್ಯೂಬ್. ಕ್ರಮ ಹಾಗಿತ್ತು.

ನಿದ್ದೆ ಆಳವಾದಂತೆ ನಾಲಿಗೆ ಹಿಂದಕ್ಕೆ ಬಿತ್ತು. ಗದ್ದ ಎತ್ತಲು ಬಾರದ್ದರಿಂದ ನಾಲಿಗೆಯನ್ನು ಮುಂದಕ್ಕೆ ತರಲೂ ಆಗಲಿಲ್ಲ. ಮಗುವಿನ ಎದೆ ಒಳಕ್ಕೆ ಎಳೆಯಿತು, ಹೊಟ್ಟೆ ಉಬ್ಬಿತು, ಉಸಿರಿನ ಚೀಲ ನನ್ನ ಕೈಯಲ್ಲಿ ಅಲುಗಾಡದೆ ನಿಂತಿತು. ತೊಂಬತ್ತಾರು. ಗಾಯದ ಚರ್ಮದ ಮೇಲೆ ಮಾಸ್ಕ್ ಕೂರುತ್ತಿರಲಿಲ್ಲ. ನಾನು ಎರಡೂ ಕೈಯಲ್ಲಿ ಹಿಡಿದರೂ ಒಂದು ಬದಿಯಿಂದ ಗಾಳಿ ಸೋರುತ್ತಿತ್ತು. ತೊಂಬತ್ತೆರಡು. ಹಲ್ಲಿಗೆ ಸಮಯವಿಲ್ಲ ಎಂದು ನಿರ್ಧರಿಸಿ ಕ್ಯಾಮೆರಾ ಕೇಳಿದೆ.

ಮೊದಲ ಸಲ ಪರದೆಯ ಮೇಲೆ ನಾಲಿಗೆ ಬಿಟ್ಟು ಬೇರೇನೂ ಕಾಣಲಿಲ್ಲ. ಹೊರತೆಗೆದು ಮತ್ತೆ ಮಾಸ್ಕ್ ಒತ್ತಿದೆ. ಎರಡನೆಯ ಸಲ ಸಾಧನವನ್ನು ಪಕ್ಕದಿಂದ ತೂರಿಸಿ ನಡುವಿಗೆ ತಿರುಗಿಸಿದೆ. ಪರದೆಯ ಮೂಲೆಯಲ್ಲಿ ಶ್ವಾಸನಾಳದ ಬಾಗಿಲು ಅರ್ಧ ಕಂಡಿತು. ಮಗು ಉಸಿರು ಎಳೆದಾಗ ಅದು ತೆರೆಯಿತು. ಆ ಎಳೆತದಲ್ಲೇ ಟ್ಯೂಬನ್ನು ಒಳಗೆ ಕಳಿಸಿದೆ. ಹೊರಬರುವ ಉಸಿರಿನ ಗೆರೆ ಮಾನಿಟರಿನಲ್ಲಿ ಎದ್ದಿತು. ಒಂದು, ಎರಡು, ಮೂರು, ನಾಲ್ಕು. ಟ್ಯೂಬ್ ಸರಿಯಾದ ನಾಳದಲ್ಲೇ ಇದೆ.

ಸರ್ಜನ್ ಕೈ ತೊಳೆಯಲು ಹೊರಟರು. ಈ ವಯಸ್ಸಿಗೆ ಹದಿನೈದು ಸೆಂಟಿಮೀಟರ್ ಎಂಬ ಸೂತ್ರದಂತೆ ಟ್ಯೂಬನ್ನು ತುಟಿಯ ಬಳಿ ಹದಿನೈದರ ಗುರುತಿಗೆ ಹಿಡಿದು ಅಂಟುಪಟ್ಟಿ ಹಾಕಿಸಿದೆ. ಈಗ ಬಿಟ್ಟುಹೋದ ಕೆಲಸ ಮುಗಿಸೋಣವೆಂದು ಹಲ್ಲಿಗಾಗಿ ಗಾಜ್ ಬಟ್ಟೆಯ ತುಂಡು ತೆಗೆದುಕೊಂಡು ಕೆಳತುಟಿ ಬಿಡಿಸಿದೆ.

ಹಲ್ಲು ಇರಲಿಲ್ಲ. ಅದರ ಜಾಗದಲ್ಲಿ ಒಂದು ಗುಳಿ, ಗುಳಿಯಲ್ಲಿ ಕೆಂಪು ರಕ್ತ.

ಅದೇ ಹೊತ್ತಿಗೆ ಎದೆಯ ಮೇಲೆ ಸ್ಟೆತೋಸ್ಕೋಪ್ ಇಟ್ಟಿದ್ದ ಕಿರಿಯ ಡಾಕ್ಟರ್ ತಲೆ ಎತ್ತಿದ. “ಮೇಡಂ, ಎಡಗಡೆ ಗಾಳಿ ಹೋಗ್ತಿಲ್ಲ.”

ನಾನೂ ಇಟ್ಟು ಕೇಳಿದೆ. ಬಲಕ್ಕೆ ಗಾಳಿಯ ಸದ್ದು ಚೆನ್ನಾಗಿತ್ತು. ಎಡಕ್ಕೆ ಗೋಡೆಗೆ ಕಿವಿ ಇಟ್ಟಂತೆ. ಮಾನಿಟರಿನ ಅಂಕಿ ತೊಂಬತ್ತು.

ಶ್ವಾಸನಾಳ ಎದೆಯೊಳಗೆ ಬಲಕ್ಕೊಂದು ಎಡಕ್ಕೊಂದು ಕವಲಾಗುತ್ತದೆ. ಎಡಗಡೆ ಸದ್ದಿಲ್ಲದಿರಲು ಎರಡು ಕಾರಣ ಇರಬಹುದು. ಟ್ಯೂಬ್ ಹೆಚ್ಚು ಒಳಗೆ ಹೋಗಿ ಬಲಗವಲಿನಲ್ಲಿ ಕೂತಿರಬಹುದು. ಹಾಗಿದ್ದರೆ ಹೊರಕ್ಕೆ ಎಳೆದರೆ ಸರಿಹೋಗುತ್ತದೆ. ಅಥವಾ ಎಡಗವಲಿಗೆ ಏನೋ ಅಡ್ಡ ಬಿದ್ದಿರಬಹುದು. ಅರ್ಧ ಸೆಂಟಿಮೀಟರ್ ಎಳೆದೆ. ಬದಲಾಗಲಿಲ್ಲ.

“ಇನ್ನೊಂದು ಸ್ವಲ್ಪ ಎಳೀಬೋದಾ ಮೇಡಂ? ಕತ್ತು ಪೂರ್ತಿ ಬಗ್ಗಿದೆ ಅಲ್ವಾ, ಹಂಗಾಗಿ ಟ್ಯೂಬ್ ಜಾಸ್ತಿ ಕೆಳಗೆ ಹೋಗಿರ್ಬೋದು.”

“ಹಲ್ಲು ಎಲ್ಲಿ?” ಎಂದೆ.

ಅವನು ಸ್ಟೆತೋಸ್ಕೋಪನ್ನು ಮತ್ತೆ ಎದೆಗಿಟ್ಟ.

ಅವನು ಹೇಳಿದ್ದು ಸರಿಯಿತ್ತು. ಆದರೆ ಆ ಕ್ಷಣಕ್ಕೆ ನನ್ನ ತಲೆಯ ತುಂಬ ಹಲ್ಲೇ ಇತ್ತು. ನಾನು ಎರಡು ಸಲ ಸಾಧನ ತೂರಿಸಿದ್ದೆ, ಎರಡನೆಯ ಸಲ ಬಾಯಿಯ ಪಕ್ಕದಿಂದ. ಸಡಿಲ ಹಲ್ಲು ಅದಕ್ಕೆ ತಾಗಿ ಕಳಚಿ, ಮಗು ಉಸಿರೆಳೆದಾಗ ಟ್ಯೂಬಿಗಿಂತ ಮುಂದೆ ಒಳಗೆ ಹೋಗಿರುವುದು ಸಾಧ್ಯವಿತ್ತು. ಹಾಗೆ ಹೋಗಿದ್ದರೆ ನಾನು ಚೀಲ ಹಿಂಡಿದಷ್ಟೂ ಅದು ಆಳಕ್ಕೆ ಇಳಿಯುತ್ತದೆ. ತೆಗೆಯಬೇಕೆಂದರೆ ಟ್ಯೂಬನ್ನು ಹೊರತೆಗೆದು ಒಳಗೆ ನೋಡಿ ಹಲ್ಲನ್ನು ಹಿಡಿದು ತೆಗೆಯುವ ಗಟ್ಟಿ ಕೊಳವೆ ಇಳಿಸಬೇಕು. ಅದು ನಮ್ಮಲ್ಲಿ ಇಲ್ಲ. ಇದ್ದರೂ ತಲೆ ಹಿಂದಕ್ಕೆ ವಾಲದ ಮಗುವಿಗೆ ಇಳಿಯುವುದಿಲ್ಲ. ಟ್ಯೂಬ್ ತಪ್ಪಿ ಹೊರಬಂದರೆ, ಈಗಾಗಲೇ ಊದಿಕೊಳ್ಳುತ್ತಿರುವ ಗಂಟಲಲ್ಲಿ ಇನ್ನೊಮ್ಮೆ ದಾರಿ ಸಿಗುವ ಭರವಸೆಯೂ ಇರಲಿಲ್ಲ. ಎಳೆಯಲೂ ಹೆದರಿಕೆ, ಬಿಡಲೂ ಹೆದರಿಕೆ.

ಬಾಯಿಯೊಳಗೆ ಬೆರಳಾಡಿಸಿದೆ. ನಾಲಿಗೆಯ ಕೆಳಗೆ, ಕೆನ್ನೆಯ ಒಳಗೆ ಎಲ್ಲೂ ಸಿಗಲಿಲ್ಲ. ಸಿಸ್ಟರ್ ಮಾಸ್ಕಿನೊಳಗೆ ಟಾರ್ಚ್ ಬಿಟ್ಟು ನೋಡಿದರು, ಹಾಸಿಗೆಯ ಬಟ್ಟೆ ಕೊಡವಿದರು, ಜೊಲ್ಲು ಹೀರಿದ ಬಾಟಲಿಯನ್ನು ಅಲ್ಲಾಡಿಸಿ ನೋಡಿದರು. ನಾನು ಪೂರ್ತಿ ಆಮ್ಲಜನಕ ಬಿಟ್ಟು, ಮಗುವಿನ ಉಸಿರಿಗೆ ಹೊಂದಿಸಿ ಚೀಲವನ್ನು ಮೆಲ್ಲಗೆ ಹಿಂಡುತ್ತಿದ್ದೆ. ಎಂಬತ್ತೊಂಬತ್ತು, ಎಂಬತ್ತೆಂಟು, ಮತ್ತೆ ಎಂಬತ್ತೊಂಬತ್ತು. ಸರ್ಜನ್ ಒದ್ದೆ ಕೈಗಳನ್ನು ಮೇಲೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು.

ಬೆಳಿಗ್ಗೆ ಹಲ್ಲು ಇತ್ತೇ? ನೋಡಬೇಕಾಗಿದ್ದವಳು ನಾನು, ನೋಡಿರಲಿಲ್ಲ. ನೋಡಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಮಗುವಿನ ತಾಯಿಯನ್ನು ಕೇಳಿ ಬನ್ನಿ ಎಂದು ಸಿಸ್ಟರನ್ನು ಕಳಿಸಿದೆ. ಒಂದು ನಿಮಿಷದಲ್ಲಿ ಅವರು ಹಿಂದಿರುಗಿದರು.

“ಆಕಿಗೆ ಏನೂ ಗೊತ್ತಿಲ್ಲಂತ್ರಿ ಮೇಡಂ. ಹಲ್ಲು ಇತ್ತು, ನಾ ಮುಟ್ಟೇ ಇಲ್ಲ ಅಂತಾಳ.”

ಹಾಗಾದರೆ ಹಲ್ಲು ಒಳಗೇ ಇದೆ. ಸರ್ಜನ್ ಕಡೆ ನೋಡಿ, ಪಟ್ಟಿ ಕೊಯ್ದು ಗದ್ದ ಬಿಡಿಸಲು ಎಷ್ಟು ಹೊತ್ತು ಬೇಕು ಎಂದು ಕೇಳಿದೆ. ಕಡಿಮೆ ಎಂದರೂ ಹತ್ತು ನಿಮಿಷ, ರಕ್ತ ಬರುತ್ತದೆ ಎಂದರು. ಈ ಅಂಕಿಯಲ್ಲಿ ಹತ್ತು ನಿಮಿಷ ರಕ್ತ ಸುರಿಸುವುದು ನನಗೆ ಬೇಕಿರಲಿಲ್ಲ. ಆದರೆ ಟ್ಯೂಬ್ ತೆಗೆಯಲೇಬೇಕಾದರೆ ಮೊದಲು ಗದ್ದ ಬಿಡಿಸಿಕೊಂಡೇ ತೆಗೆಯಬೇಕು. ಚಾಕು ಸಿದ್ಧ ಮಾಡಿ ಎನ್ನಲು ಬಾಯಿ ತೆರೆದಿದ್ದೆ.

ಸಿಸ್ಟರ್ ಇನ್ನೂ ನನ್ನ ಪಕ್ಕದಲ್ಲೇ ನಿಂತಿದ್ದರು. “ಮೇಡಂ, ಒಂದು ಮಾತು. ಆಕಿ ಖರೇ ಹೇಳಾಕತ್ತಿಲ್ರಿ. ಸೆರಗಿನ ತುದಿ ಗಟ್ಟಿ ಹಿಡ್ಕೊಂಡು ಕುಂತಾಳ. ನಿಮಗ ಹೆದರ‍್ಯಾಳ್ರಿ.”

“ನನಗ್ಯಾಕೆ?”

“ಯಾಕಂದ್ರ?” ಅವರು ನನ್ನ ಮುಖವನ್ನೇ ನೋಡಿದರು. “ಹೋದ ಸಲ ಬೈದ ವಾಪಸ್ ಕಳಿಸಿದ್ದು ನೀವ ಅಲ್ರಿ.”

ಚೀಲ ಹಿಂಡುವ ಕೈ ನಿಲ್ಲಿಸುವಂತಿರಲಿಲ್ಲ. ನಾನೇ ಹೊರಗೆ ಹೋಗುವಂತಿರಲಿಲ್ಲ. ನಲವತ್ತು ವರ್ಷಗಳಲ್ಲಿ ರೋಗಿಯ ಕಡೆಯವರಿಗೆ ನಾನು ಹೇಳಿ ಕಳಿಸುತ್ತಿದ್ದದ್ದು ಸೂಚನೆಗಳನ್ನು ಮಾತ್ರ.

“ಹೋಗಿ ಹೇಳಿ,” ಎಂದೆ. “ಡಾಕ್ಟರಮ್ಮ ತಪ್ಪು ಮಾಡಿದ್ದಾರೆ. ಬೆಳಿಗ್ಗೆ ಬಾಯಿ ನೋಡಲಿಲ್ಲ. ಈಗ ಅವರಿಗೆ ದಾರಿ ತಿಳೀತಿಲ್ಲ, ನೀನು ಹೇಳಿದ್ರೆ ಮಾತ್ರ ತಿಳಿಯುತ್ತೆ. ಆಪರೇಷನ್ ನಿಲ್ಲಿಸಲ್ಲ, ಬೈಯಲ್ಲ. ಇಷ್ಟೂ ಹೇಳಿ, ಒಂದೂ ಬಿಡಬೇಡಿ.”

ಕಿರಿಯ ಡಾಕ್ಟರ್ ನನ್ನತ್ತ ನೋಡಿ ತಕ್ಷಣ ಮಾನಿಟರಿನ ಕಡೆ ತಿರುಗಿದ. ಎಂಬತ್ತೇಳು.

ಈ ಸಲ ಸಿಸ್ಟರ್ ತಡಮಾಡಿದರು. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚಾಗಿರಲಾರದು. ಮಗುವಿನ ಉಗುರಿನ ಬಣ್ಣ ನೋಡುತ್ತಾ ಚೀಲದ ಪ್ರತಿ ಹಿಂಡಿಗೂ ಲೆಕ್ಕ ಹಾಕುತ್ತಿದ್ದೆ. ಮೂವತ್ತೆಂಟರಲ್ಲಿದ್ದಾಗ ಬಾಗಿಲು ತೆರೆಯಿತು.

ಸಿಸ್ಟರ್ ಅಂಗೈ ಚಾಚಿದರು. ಬಿಸ್ಕತ್ತಿನ ಪೊಟ್ಟಣದ ಒಂದು ಚೂರು ಕಾಗದದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಹಾಲುಹಲ್ಲು. ಅದನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳಂತೆ.

“ಮುಂಜಾನೆ ಐದಕ್ಕ ವಾರ್ಡಿನ್ಯಾಗ ದಾರ ಕಟ್ಟಿ ಕಿತ್ತಾಳಂತ್ರಿ. ಹಾಲಹಲ್ಲು ಮನಿ ಮ್ಯಾಲ ಒಗೀಬೇಕಂತ. ಒಗೀದಿದ್ರ ಹೊಸಾ ಹಲ್ಲು ಬರೂದಿಲ್ಲಂತ. ನಿನ್ನಿ ನಿಮ್ಮನ್ನ ಕೇಳಿದ್ಳಂತಲ್ರಿ?”

ಕೇಳಿದ್ದಳು. ಆಗ ನೆನಪಿಗೆ ಬಂತು. ಬಾಗಿಲಲ್ಲಿ ತಿರುಗಿ ನಿಂತು, ಕಿತ್ತ ಹಲ್ಲನ್ನು ನಮಗೆ ಕೊಡುತ್ತೀರಾ ಎಂದಿದ್ದಳು. ಓಟಿಯ ಒಳಗಿನದು ಯಾವುದೂ ಹೊರಗೆ ಹೋಗುವುದಿಲ್ಲ, ಹಳದಿ ಚೀಲಕ್ಕೆ ಹೋಗುತ್ತದೆ ಎಂದಿದ್ದೆ. ನಿಯಮ ಇರುವುದು ಹಾಗೆಯೇ. ಮಗಳ ಹಲ್ಲು ಆಸ್ಪತ್ರೆಯ ಕಸಕ್ಕೆ ಹೋಗುವುದು ಆಕೆಗೆ ಬೇಡವಾಗಿತ್ತು. ನನಗೆ ಸಿಗುವ ಮೊದಲೇ ಕಿತ್ತುಕೊಂಡಳು. ಆಮೇಲೆ, ಮುಟ್ಟಬೇಡ ಎಂದದ್ದನ್ನು ಮುಟ್ಟಿದ್ದು ಗೊತ್ತಾದರೆ ಮತ್ತೆ ಮೂರು ವಾರ ಮುಂದಕ್ಕೆ ಹಾಕುತ್ತೇನೆಂದು ಬಾಯಿ ಮುಚ್ಚಿಕೊಂಡಳು. ಗುಳಿಯಲ್ಲಿ ಹೆಪ್ಪುಗಟ್ಟಿದ್ದ ರಕ್ತವನ್ನು ನನ್ನ ಸಾಧನವೇ ಮತ್ತೆ ಕೆದಕಿತ್ತು.

ಇದನ್ನೆಲ್ಲ ಜೋಡಿಸಿ ಯೋಚಿಸಿದ್ದು ಆಮೇಲೆ. ಆಗ ಮಾಡಿದ್ದು ಒಂದೇ. ಹಲ್ಲನ್ನು ಬೆಳಕಿಗೆ ಹಿಡಿಸಿ, ಅದು ಪೂರ್ತಿ ಇದೆ, ತುಂಡಾಗಿಲ್ಲ ಎಂದು ನೋಡಿಕೊಂಡೆ. “ನೀವು ಹೇಳಿದ್ದೇ ಸರಿ,” ಎಂದೆ ಕಿರಿಯ ಡಾಕ್ಟರಿಗೆ. “ಕಿವಿ ಎದೆ ಮೇಲಿರಲಿ. ಸದ್ದು ಬಂದ ಕೂಡಲೇ ಹೇಳಿ.”

ಅಂಟುಪಟ್ಟಿ ಬಿಚ್ಚಿದೆ. ಟ್ಯೂಬನ್ನು ಎರಡು ಬೆರಳಲ್ಲಿ ಹಿಡಿದು ಕೂದಲೆಳೆಯಷ್ಟು ಎಳೆದು ನಿಲ್ಲಿಸಿದೆ. ಇಲ್ಲ ಎಂದ. ಮತ್ತೆ ಅಷ್ಟು. ಇಲ್ಲ. ಹದಿಮೂರೂವರೆಯ ಗುರುತು ತುಟಿಗೆ ಬಂತು. ಇನ್ನು ಒಂದು ಸೆಂಟಿಮೀಟರ್ ಹೋದರೆ ಟ್ಯೂಬ್ ಹೊರಬೀಳುವ ಹತ್ತಿರ. ಕೈಯನ್ನು ಮಗುವಿನ ಕೆನ್ನೆಗೆ ಊರಿಕೊಂಡು ಇನ್ನೊಂದು ಎಳೆ ಎಳೆದೆ.

“ಬಂತು,” ಎಂದ. ಒಂದು ಉಸಿರಿನ ನಂತರ, “ಬಂತು ಮೇಡಂ. ಎರಡೂ ಕಡೆ.”

ಎಂಬತ್ತೊಂಬತ್ತು. ತೊಂಬತ್ತಮೂರು. ತೊಂಬತ್ತೇಳು. ಸಿಸ್ಟರ್ ಅಂಟುಪಟ್ಟಿ ಹಾಕಿದರು, ಒಂದರ ಮೇಲೊಂದು ಮೂರು. ನೇರ ಕತ್ತಿನ ಮಕ್ಕಳಿಗಾಗಿ ಬರೆದ ಸೂತ್ರವನ್ನು ಎದೆಗೆ ಬಾಗಿದ ಕತ್ತಿಗೆ ನಾನು ಹಾಗೆಯೇ ಹಾಕಿದ್ದೆ. ಬಾಗಿದ ಕತ್ತಿನಲ್ಲಿ ಟ್ಯೂಬಿನ ತುದಿ ಕೆಳಕ್ಕೆ ಸರಿಯುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಪಾಠ ಮಾಡಿದ್ದೇನೆ.

ಆಪರೇಷನ್ ಎರಡೂವರೆ ಗಂಟೆ ನಡೆಯಿತು. ಪಟ್ಟಿ ಕೊಯ್ದಾಗ ಗದ್ದ ನಿಧಾನವಾಗಿ ಎದೆ ಬಿಟ್ಟು ಮೇಲೆ ಬಂತು. ಕತ್ತು ನೇರವಾದಂತೆ ಟ್ಯೂಬ್ ಈಗ ಮೇಲಕ್ಕೆ ಸರಿದು ಹೊರಬರುವ ಸಂಭವ. ಸರ್ಜನ್ ಒಂದೊಂದು ಬೆರಳಿನಷ್ಟು ಬಿಡಿಸಿದಾಗಲೂ ಅವರನ್ನು ನಿಲ್ಲಿಸಿ ಎರಡೂ ಕಡೆ ಕೇಳಿ, ಟ್ಯೂಬನ್ನು ಸರಿಪಡಿಸಿದೆ. ಅವರು ಬೇಸರಿಸಲಿಲ್ಲ, ಕಾಫಿಯ ಮಾತೂ ಎತ್ತಲಿಲ್ಲ.

ಟ್ಯೂಬ್ ತೆಗೆಯುವುದು ಹಾಕಿದಷ್ಟೇ ಭಯದ ಕೆಲಸ. ಗಂಟಲೊಳಗೆ ಊತವಿತ್ತು. ಹೊರಗೆ ಹೊಸ ಚರ್ಮದ ಮೇಲೆ ದಪ್ಪ ಡ್ರೆಸಿಂಗ್, ಕತ್ತು ಬಾಗದಂತೆ ಕಟ್ಟು. ಅವಸರ ಮಾಡಲಿಲ್ಲ. ಗ್ಯಾಸ್ ನಿಲ್ಲಿಸಿ, ಮಗು ತಾನಾಗಿ ಕಣ್ಣು ತೆರೆಯುವವರೆಗೆ, ನನ್ನ ಬೆರಳನ್ನು ಹಿಡಿದು ಹಿಂಡುವವರೆಗೆ ಕಾದೆ. ಹಿಂಡಿತು. ಕೆಮ್ಮಿತು. ತೆಗೆದೆ. ಒಳಕ್ಕೆಳೆದ ಮೊದಲ ಉಸಿರಿಗೆ ಕೋಳಿ ಕೂಗಿದಂಥ ಸದ್ದು ಬಂತು. ಗಂಟಲು ಕಿರಿದಾಗಿದೆ ಎಂದು ಅರ್ಥ. ಮಂಜಿನಂತೆ ಬರುವ ಔಷಧಿಯ ಮಾಸ್ಕನ್ನು ಮೂಗಿಗೆ ಹಿಡಿದು, ಮಗುವನ್ನು ಸ್ವಲ್ಪ ಎತ್ತಿ ಕೂರಿಸಿದೆವು. ಟ್ಯೂಬ್ ಹಾಕುವ ಸಾಮಾನುಗಳ ತಟ್ಟೆಯನ್ನು ಕಿರಿಯ ಡಾಕ್ಟರ್ ನನ್ನ ಮಾತಿಗೆ ಕಾಯದೆ ಮತ್ತೆ ಜೋಡಿಸಿಟ್ಟ. ಹತ್ತು ನಿಮಿಷಕ್ಕೆ ಕೂಗು ಸಣ್ಣದಾಯಿತು, ಇಪ್ಪತ್ತಕ್ಕೆ ಇನ್ನೂ ಸಣ್ಣದಾಯಿತು. ಪೂರ್ತಿ ಹೋಗಲಿಲ್ಲ.

ಆಪರೇಷನ್ ಆದವರನ್ನು ಮೊದಲ ಕೆಲವು ಗಂಟೆ ಇಡುವ ಕೋಣೆಗೆ ಕಡೆಯವರನ್ನು ಬಿಡುವುದಿಲ್ಲ. ಆ ನಿಯಮ ಬರೆದು ಗೋಡೆಗೆ ಅಂಟಿಸಿದವಳು ನಾನೇ. ಸಿಸ್ಟರಿಗೆ ತಾಯಿಯನ್ನು ಕರೆಯಲು ಹೇಳಿದೆ. ಮಗು ಅಳಬಾರದು, ಅತ್ತರೆ ಊತ ಹೆಚ್ಚುತ್ತದೆ. ತಾಯಿ ಪಕ್ಕದಲ್ಲಿದ್ದರೆ ಅಳುವುದಿಲ್ಲ.

ಆಕೆ ಚಪ್ಪಲಿ ಹೊರಗೆ ಬಿಟ್ಟು ಗೋಡೆಗುಂಟ ನಡೆದು ಬಂದಳು. ನನ್ನಿಂದ ಮಂಚದ ಅಗಲದಷ್ಟು ದೂರ ನಿಂತಳು. ಹಲ್ಲಿದ್ದ ಕಾಗದವನ್ನು ಕೊಟ್ಟೆ. ತೆಗೆದುಕೊಂಡು ನೋಡದೆಯೇ ಸೆರಗಿಗೆ ಕಟ್ಟಿಕೊಂಡಳು. ಆಕೆಯ ಕಣ್ಣು ಮಗುವಿನ ಎದೆಯ ಮೇಲಿತ್ತು.

“ಸದ್ದ ಯಾಕ ಬರಾಕತ್ತೈತ್ರಿ?”

ಗಂಟಲು ಊದಿದೆ, ಇಳಿಯಬೇಕು, ಇಳಿಯುವವರೆಗೆ ನಾನು ಇಲ್ಲೇ ಇರುತ್ತೇನೆ ಎಂದೆ. ಸ್ಟೂಲ್ ಎಳೆದು ಕೊಟ್ಟೆ. ಕೂತಳು. ಮಗು ಕಣ್ಣು ಬಿಟ್ಟು ತಾಯಿಯನ್ನು ನೋಡಿ ಮತ್ತೆ ಮುಚ್ಚಿತು. ನಾನು ಉಸಿರು ಎಣಿಸುತ್ತಿದ್ದೆ. ಸ್ವಲ್ಪ ಹೊತ್ತಿನ ನಂತರ ಗಮನಿಸಿದೆ, ಆಕೆಯ ತುಟಿಯೂ ಅಲುಗಾಡುತ್ತಿತ್ತು. ಆಕೆಯೂ ಎಣಿಸುತ್ತಿದ್ದಳು.

“ಮುಂಜಾನೆ ನೀವು ಬಾಯಿ ತಗಿ ಅಂದಿದ್ರ ಕಾಣತಿತ್ತಲ್ರಿ,” ಎಂದಳು, ನನ್ನ ಕಡೆ ನೋಡದೆ. ದೂರುವ ದನಿಯಲ್ಲ.

“ಕಾಣ್ತಿತ್ತು,” ಎಂದೆ. “ನಾನು ನೋಡಲಿಲ್ಲ.”

“ನಾನೂ ಹೇಳಲಿಲ್ರಿ.”

“ಹೇಳೋ ಹಾಗೆ ನಾನು ಇಟ್ಟಿರಲಿಲ್ಲ.”

ಆಕೆ ಮಗುವಿನ ಕಾಲಿನಿಂದ ಜಾರಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದಳು. ಒಂದು ಗಂಟೆಗೆ ಸಿಸ್ಟರ್ ನನ್ನ ಊಟದ ಡಬ್ಬಿ ತಂದಿಟ್ಟು ಹೋದರು. ನನ್ನ ಊಟದ ಸಮಯ ಹನ್ನೆರಡೂವರೆ. ತೆರೆಯಲಿಲ್ಲ. ಎರಡರ ಹೊತ್ತಿಗೆ ಉಸಿರಿನ ಸದ್ದು ಕಿವಿ ಹತ್ತಿರ ತಂದರೆ ಮಾತ್ರ ಕೇಳುವಷ್ಟಾಗಿತ್ತು. ಮೂರಕ್ಕೆ ಕಿವಿ ತಂದರೂ ಕೇಳಲಿಲ್ಲ. ಆಮ್ಲಜನಕದ ಮಾಸ್ಕ್ ತೆಗೆದು ಪಕ್ಕಕ್ಕಿಟ್ಟು, ಇಬ್ಬರೂ ಮಾನಿಟರಿನ ಅಂಕಿ ನೋಡುತ್ತಾ ಕೂತೆವು. ತೊಂಬತ್ತೆಂಟು. ಐದು ನಿಮಿಷ, ಹತ್ತು ನಿಮಿಷ. ತೊಂಬತ್ತೆಂಟೇ.

“ನೀರ ಕೊಡಬೌದೇನ್ರಿ?” ಎಂದು ಕೇಳಿದಳು.

ಒಂದು ಚಮಚ ಎಂದೆ. ಚಮಚ ಆಕೆಯ ಕೈಗೇ ಕೊಟ್ಟೆ. ಮಗು ಗುಟುಕರಿಸಿತು, ಕೆಮ್ಮಲಿಲ್ಲ. ಇನ್ನೊಂದು ಕೊಡಲೇ ಎಂಬಂತೆ ಆಕೆ ನನ್ನ ಮುಖ ನೋಡಿದಳು. ಕೊಡು ಎಂದು ತಲೆಯಾಡಿಸಿದೆ.